ರಾಜೀನಾಮೆ ಪತ್ರದಲ್ಲಿ ಬರೆಯದೇ ಬಿಟ್ಟ ಕಾರಣ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸದ ಜಾಗದ ಬಗ್ಗೆಯೇ. ಬಾಸ್‌ಗಳೂ ಬರೆದಿದ್ದಾರೆ, ಅವರ ಕೈಕೆಳಗೆ ಇರುವವರೂ ಬರೆದಿದ್ದಾರೆ. ಇವರಲ್ಲಿ ಒಂದಿಬ್ಬರು ಒಂದೇ ಆಫೀಸಿನವರಾಗಿದ್ದರೂ ನನಗೆ ಆಶ್ಚರ್ಯ ಆಗಲ್ಲ. ನಾನು 28 ವರ್ಷ ಕೆಲಸ ಮಾಡಿದವಳು, ಮೊದಲು ಸ್ಟೋರ್ಸ್‌ನಲ್ಲಿ ಗುಮಾಸ್ತೆ, ಆಮೇಲೆ ಸಿಬ್ಬಂದಿ ವಿಭಾಗ. ರಾಜೀನಾಮೆ ಪತ್ರ ಓದಿ ಫೈಲಿಗೆ ಹಾಕುವುದೂ ನನ್ನ ಪಾಲಿನ ಕೆಲಸವೇ ಆಗಿತ್ತು. ನೂರಾರು ಓದಿದ್ದೇನೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಸಾಲು: "ವೈಯಕ್ತಿಕ ಕಾರಣಗಳಿಂದ". ನಿಜವಾದ ಕಾರಣ ಏನಿದ್ದರೂ ಗೇಟಿನ ಹೊರಗೆ ಸಿಕ್ಕಾಗ ಹೇಳುತ್ತಿದ್ದರು.

ಪ್ರಶ್ನೆ: ನಮ್ಮದು 40 ಜನರ ಆಫೀಸು. ಕಳೆದ ವರ್ಷ ಸಂಬಳ ಜಾಸ್ತಿ ಮಾಡಿದೆವು. ಹೊಸ ಕುರ್ಚಿ ಬಂತು. ಒಂದು ಕೋಣೆಯಲ್ಲಿ ಕೇರಂ, ಟೇಬಲ್ ಟೆನಿಸ್ ಇಟ್ಟೆವು. ಎಲ್ಲರ ಹುಟ್ಟುಹಬ್ಬ ಆಚರಿಸುತ್ತೇವೆ. ಆದರೂ 6 ತಿಂಗಳಲ್ಲಿ 9 ಜನ ಬಿಟ್ಟು ಹೋದರು. ಇನ್ನೇನು ಮಾಡಬೇಕು ಮೇಡಂ?

ಮೊದಲಿಗೆ, ಸಂಬಳ ಜಾಸ್ತಿ ಮಾಡಿದ್ದು ಒಳ್ಳೆಯದೇ. ಅದಕ್ಕೆ ಪಶ್ಚಾತ್ತಾಪ ಬೇಡ. "ದುಡ್ಡು ಮುಖ್ಯ ಅಲ್ಲ" ಅಂತ ಭಾಷಣ ಮಾಡುವವರನ್ನು ನೋಡಿದರೆ ನನಗೆ ಮೊದಲಿಂದಲೂ ಅನುಮಾನ. ಸಾಮಾನ್ಯವಾಗಿ ಅವರ ಸಂಬಳ ಚೆನ್ನಾಗಿಯೇ ಇರುತ್ತದೆ.

ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯ ಹಳೆಯ ಕಥೆ ಇದೆ. 1913ರಲ್ಲಿ ಅಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ. ಸುಮಾರು 14,000 ಜಾಗ ತುಂಬಿಟ್ಟುಕೊಳ್ಳಲು ಒಂದೇ ವರ್ಷದಲ್ಲಿ 50,000ಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಇವತ್ತು ಕಲಿಸಿದವನು ನಾಳೆ ಇಲ್ಲ. 1914ರ ಜನವರಿಯಲ್ಲಿ ಕಂಪನಿ ದಿನಗೂಲಿಯನ್ನು ಹೆಚ್ಚುಕಮ್ಮಿ ದುಪ್ಪಟ್ಟು ಮಾಡಿ 5 ಡಾಲರ್ ಅಂದಿತು, ಪಾಳಿಯನ್ನು 9 ಗಂಟೆಯಿಂದ 8ಕ್ಕೆ ಇಳಿಸಿತು. ಬಿಟ್ಟು ಹೋಗುವವರ ಸಂಖ್ಯೆ ಧಡಕ್ಕನೆ ಇಳಿಯಿತು. ಸಂಬಳ ತೀರಾ ಕಮ್ಮಿ ಇರುವ ಕಡೆ ಬೇರೆ ಏನು ಮಾಡಿದರೂ ಕಣ್ಣೊರೆಸುವ ಆಟ ಅಷ್ಟೇ.

ಆದರೆ ನಿಮ್ಮ ಆಫೀಸು ಆ ಹಂತ ದಾಟಿದೆ ಅನಿಸುತ್ತದೆ. ಇಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞ ನೆನಪಾಗುತ್ತಾರೆ. 1950ರ ದಶಕದ ಕೊನೆಯಲ್ಲಿ ಅವರ ತಂಡ ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರು, ಅಕೌಂಟೆಂಟುಗಳನ್ನು ಕೂರಿಸಿಕೊಂಡು ಎರಡು ವಿಷಯ ಕೇಳಿತು. ಕೆಲಸದಲ್ಲಿ ತುಂಬಾ ಖುಷಿಯಾದ ಸಂದರ್ಭ ಹೇಳಿ, ತುಂಬಾ ಬೇಜಾರಾದ ಸಂದರ್ಭ ಹೇಳಿ. ತಮಾಷೆ ಏನಂದರೆ ಎರಡೂ ಒಂದೇ ನಾಣ್ಯದ ಎರಡು ಮುಖ ಆಗಿರಲಿಲ್ಲ. ಬೇಜಾರಿನ ಕಥೆಯಲ್ಲಿ ಬಂದಿದ್ದು ಕಂಪನಿ ನಿಯಮ, ಮೇಲಿನವರ ಕಾಟ, ಸಂಬಳ, ಕೆಲಸದ ಜಾಗದ ಅವ್ಯವಸ್ಥೆ. ಖುಷಿಯ ಕಥೆಯಲ್ಲಿ ಬಂದಿದ್ದು ಏನೋ ಒಂದನ್ನು ಮಾಡಿ ಮುಗಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸವೇ ಚೆನ್ನಾಗಿದ್ದದ್ದು, ಜವಾಬ್ದಾರಿ ಸಿಕ್ಕಿದ್ದು. ಅಂದರೆ ಮೊದಲನೇ ಪಟ್ಟಿ ಸರಿ ಮಾಡಿದರೆ ಗೊಣಗಾಟ ನಿಲ್ಲುತ್ತದೆ, ಆದರೆ ಅಷ್ಟಕ್ಕೇ ಜನ ಕೆಲಸವನ್ನು ಇಷ್ಟಪಡಲು ಶುರು ಮಾಡಲ್ಲ. (ಈ ಅಧ್ಯಯನಕ್ಕೆ ಟೀಕೆಯೂ ಇದೆ. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಅನ್ನುವುದು ಮನುಷ್ಯರ ಸ್ವಭಾವ ತಾನೇ. ಆ ಟೀಕೆ ಸರಿಯೇ. ಆದರೂ ನಾನು ಕಣ್ಣಾರೆ ಕಂಡದ್ದಕ್ಕೆ ಈ ಮಾತು ಹತ್ತಿರ ಇದೆ.)

ಕುರ್ಚಿ, ಕೇರಂ, ಹುಟ್ಟುಹಬ್ಬ ಎಲ್ಲ ಮೊದಲನೇ ಪಟ್ಟಿಯ ಸಾಮಾನು. ಅಷ್ಟಕ್ಕೂ ಆ ಕೇರಂ ಬೋರ್ಡಿನ ಮೇಲೆ ಧೂಳು ಎಷ್ಟಿದೆ ನೋಡಿ. ಮ್ಯಾನೇಜರ್ ಆ ಕಡೆ ಹಾದುಹೋದಾಗ ಆಡುತ್ತಿದ್ದವರು ಎದ್ದು ನಿಲ್ಲುತ್ತಾರಾ? ಹಾಗಾದರೆ ಆ ಕೋಣೆ ಇದ್ದೂ ಇಲ್ಲದ ಹಾಗೆ.

ಎರಡನೇ ಪಟ್ಟಿ ಅಂದರೆ ಏನು ಅಂತ ಹೇಳಲು ಒಂದು ಮೇಜಿನ ಕಥೆ ಹೇಳಬೇಕು. ನಾನಿದ್ದ ಒಂದು ಕಡೆ ಪ್ಯಾಕಿಂಗ್ ವಿಭಾಗದಲ್ಲಿ ಹೆಂಗಸರು ಇಡೀ ಪಾಳಿ ನಿಂತುಕೊಂಡೇ ಲೇಬಲ್ ಅಂಟಿಸುತ್ತಿದ್ದರು. ಮೇಜು ತಗ್ಗು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಮೇಜು ಒಂದು ಗೇಣು ಎತ್ತರ ಮಾಡಿಸಿಕೊಡಿ ಅಂತ ಅರ್ಜಿ ಕೊಟ್ಟರು. ಅರ್ಜಿ ಮೇಲೆ ಹೋಯಿತು, ಷರಾ ಹಾಕಿಸಿಕೊಂಡು ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. 7 ತಿಂಗಳು. ಅಷ್ಟರಲ್ಲಿ ಆ ವಿಭಾಗದಿಂದ ವರ್ಗಾವಣೆ ಕೇಳಿದವರ ಪಟ್ಟಿ ನನ್ನ ಟೇಬಲ್ ಮೇಲೆ ಬೆಳೆಯುತ್ತಲೇ ಇತ್ತು. ಆಮೇಲೆ ಹೊಸ ಸೂಪರ್‌ವೈಸರ್ ಬಂದರು. ಮೊದಲನೇ ದಿನ ಸುಮ್ನೆ ಒಂದು ಮೂಲೆಯಲ್ಲಿ ನಿಂತು ನೋಡಿದರು. ಮಧ್ಯಾಹ್ನ ಅವರೂ ಒಂದು ಗಂಟೆ ಲೇಬಲ್ ಅಂಟಿಸಿದರು. ಮಾರನೇ ದಿನ ಬೆಳಗ್ಗೆ ಪ್ರತಿ ಮೇಜಿನ ಪ್ರತಿ ಕಾಲಿನ ಕೆಳಗೂ ಎರಡೆರಡು ಇಟ್ಟಿಗೆ. ಕಟ್ಟಡ ರಿಪೇರಿಗೆ ತಂದು ಹಿತ್ತಲಲ್ಲಿ ರಾಶಿ ಹಾಕಿದ್ದ ಇಟ್ಟಿಗೆ ಅದು, ಪೈಸೆ ಖರ್ಚಿಲ್ಲ.

ಆಮೇಲೆ ಆದದ್ದು ನನಗೆ ಜಾಸ್ತಿ ಕುತೂಹಲದ ವಿಷಯ. ಅದೇ ಹೆಂಗಸರು, 7 ತಿಂಗಳು ಬಾಯಿ ಮುಚ್ಚಿಕೊಂಡಿದ್ದವರು, ಒಂದೊಂದೇ ಹೇಳಲು ಶುರು ಮಾಡಿದರು. ಅಂಟು ಬೇಗ ಒಣಗುತ್ತದೆ, ಲೇಬಲ್ ಕಟ್ಟು ಎಡಗಡೆಗೆ ಇಟ್ಟರೆ ಕೈ ಬೇಗ ಓಡುತ್ತದೆ, ಆ ಕಿಟಕಿ ತೆಗೆದರೆ ಧೂಳು ಒಳಗೆ ಬರುತ್ತದೆ. ಅವರು ಇದನ್ನೆಲ್ಲ ಇವತ್ತು ಕಂಡುಹಿಡಿದದ್ದಲ್ಲ. ಹೇಳಿದರೆ ಯಾರು ಕೇಳುತ್ತಾರೆ ಅಂತ ಸುಮ್ಮನಿದ್ದರು. ವರ್ಗಾವಣೆ ಪಟ್ಟಿಯಲ್ಲಿದ್ದ ಇಬ್ಬರು ನನ್ನ ಹತ್ತಿರ ಬಂದು ಹೆಸರು ತೆಗೆಸಿದರು. ಸಂಬಳ ಅಷ್ಟೇ ಇತ್ತು, ಕೆಲಸವೂ ಅದೇ.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟೇ. ಹೋದ 9 ಜನರ ಚಿಂತೆ ಬಿಡಿ, ಅವರು ಈಗ ನಿಮಗೆ ನಿಜ ಹೇಳಬೇಕಾಗಿಲ್ಲ. ಉಳಿದ 31 ಜನರಲ್ಲಿ ಒಬ್ಬೊಬ್ಬರನ್ನೇ ಕೇಳಿ: "ದಿನಾ ನಿಮ್ಮ ಕೆಲಸಕ್ಕೆ ಅಡ್ಡ ಬರುವ ಒಂದು ಸಣ್ಣ ವಿಷಯ ಹೇಳಿ." ದೊಡ್ಡದು ಬೇಡ, ಸಣ್ಣದು. ಅದನ್ನು ಒಂದು ವಾರದೊಳಗೆ ಸರಿ ಮಾಡಿ, ಇಲ್ಲವಾದರೆ ಯಾಕೆ ಆಗಲ್ಲ ಅಂತ ಅವರ ಎದುರೇ ಕೂತು ಹೇಳಿ. ಕೇಳಿ ಬರೆದುಕೊಂಡು ಸುಮ್ಮನಾಗುವುದಿದ್ದರೆ ದಯವಿಟ್ಟು ಕೇಳಲೇಬೇಡಿ. ಕೇಳದೇ ಇರುವುದಕ್ಕಿಂತ ಅದು ಕೆಟ್ಟದ್ದು.

ಪ್ರಶ್ನೆ: ನನಗೆ ಸಂಬಳ ಚೆನ್ನಾಗಿದೆ, ಕೆಲಸ ಕಮ್ಮಿ, ಬಾಸ್ ಬಯ್ಯುವುದಿಲ್ಲ. ಆದರೂ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತದೆ. ಪ್ರತಿ ಶುಕ್ರವಾರ ಒಂದು ವರದಿ ಕಳಿಸುತ್ತೇನೆ. ಒಂದು ಸಲ ಬೇಕಂತಲೇ ಹಿಂದಿನ ವಾರದ್ದನ್ನೇ ತಾರೀಕು ಬದಲಾಯಿಸಿ ಕಳಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಹೇಳಿದರೆ "ಸುಖ ಜಾಸ್ತಿಯಾಗಿದೆ ನಿನಗೆ" ಅನ್ನುತ್ತಾರೆ. ನಿಜವಾ?

ನಿಮ್ಮ ಪತ್ರ ಓದಿ ಆ ಶುಕ್ರವಾರದ ವರದಿಯ ಹತ್ತಿರ ನಿಂತುಬಿಟ್ಟೆ. ಅದನ್ನು ಕಳಿಸಿ ಆಮೇಲೆ ಎರಡು ದಿನ ಫೋನ್ ನೋಡುತ್ತಾ ಕೂತಿರುತ್ತೀರಿ, ಯಾರಾದರೂ ಕೇಳುತ್ತಾರಾ ಅಂತ. ಯಾರಾದರೂ ಬಯ್ದಿದ್ದರೂ ಪರವಾಗಿರಲಿಲ್ಲ ಅನಿಸಿರಬೇಕು, ಅಲ್ವಾ?

ಇದು ಸುಖ ಜಾಸ್ತಿಯಾಗಿ ಬಂದದ್ದಲ್ಲ. ತೆರೇಸಾ ಅಮಾಬಿಲಿ ಅನ್ನುವ ಸಂಶೋಧಕಿ, ಸ್ಟೀವನ್ ಕ್ರೇಮರ್ ಅವರ ಜೊತೆ ಸೇರಿ, 7 ಕಂಪನಿಗಳ 238 ಜನರಿಂದ ದಿನಾ ಡೈರಿ ಬರೆಸಿದರು. ಹತ್ತಿರ ಹತ್ತಿರ 12,000 ದಿನಗಳ ಟಿಪ್ಪಣಿ. ಅವರಿಗೆ ಒಳ್ಳೆಯ ದಿನ ಅನಿಸಿದ ದಿನಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಒಂದೇ: ಅರ್ಥ ಇದೆ ಅನಿಸುವ ಕೆಲಸ ಅವತ್ತು ಸ್ವಲ್ಪವಾದರೂ ಮುಂದಕ್ಕೆ ಹೋಗಿತ್ತು. ಸ್ವಲ್ಪ ಸಾಕು. ನಿಮ್ಮ ವರದಿ ಎಲ್ಲಿಗೂ ಹೋಗುತ್ತಿಲ್ಲ. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ.

ಇನ್ನೊಂದು ವಿಷಯ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ದೊಡ್ಡ ಅಧ್ಯಯನ ನಡೆಯಿತು, ಆ ಕಚೇರಿಗಳಿರುವ ವೈಟ್‌ಹಾಲ್ ಬೀದಿಯ ಹೆಸರೇ ಅದಕ್ಕೆ. ಹೃದಯದ ಕಾಯಿಲೆ ತಲೆ ಮೇಲೆ ಜವಾಬ್ದಾರಿ ಹೊತ್ತ ದೊಡ್ಡ ಸಾಹೇಬರಿಗೇ ಜಾಸ್ತಿ ಅಂತ ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಹುದ್ದೆ ಕೆಳಗಿಳಿದ ಹಾಗೆ ಸಾವಿನ ಪ್ರಮಾಣ ಏರುತ್ತಾ ಹೋಯಿತು. 1985ರಲ್ಲಿ ಮೈಕಲ್ ಮಾರ್ಮಟ್ ಅವರ ತಂಡ 10,308 ನೌಕರರನ್ನು ಇಟ್ಟುಕೊಂಡು ಎರಡನೇ ಸುತ್ತು ಶುರು ಮಾಡಿತು. ತನ್ನ ಕೆಲಸ ಹೇಗೆ, ಯಾವಾಗ ಮಾಡಬೇಕು ಅನ್ನುವುದರಲ್ಲಿ ತನ್ನ ಮಾತು ನಡೆಯದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಬೀಡಿ ಸಿಗರೇಟು ಥರದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮನೆಯವರಿಗೆ ಹೇಳಲು ಒಂದು ಉತ್ತರ ಇರಲಿ ಅಂತ.

ಏನು ಮಾಡಬಹುದು? ಆ ವರದಿ ಓದಬೇಕಾದವರ ಹತ್ತಿರ ಹೋಗಿ ನೇರವಾಗಿ ಕೇಳಿ: "ಇದರಲ್ಲಿ ನಿಮಗೆ ಬೇಕಾಗುವ ಸಾಲು ಯಾವುದು?" ಒಂದು ಸಾಲು ತೋರಿಸಿದರೆ ಅದನ್ನೇ ಚೆನ್ನಾಗಿ ಮಾಡಿಕೊಡಿ, ಉಳಿದದ್ದು ಬಿಡಿ. ಒಂದೂ ಬೇಡ ಅಂದರೆ ಹಾಗಾದರೆ ಶುಕ್ರವಾರ ನಾನು ಬೇರೆ ಏನು ಮಾಡಲಿ ಅಂತ ಕೇಳಿ. ಸ್ವಲ್ಪ ಧೈರ್ಯ ಬೇಕು. ಈ ಎರಡು ಪ್ರಶ್ನೆಗೂ ಮುಖ ಗಂಟಿಕ್ಕಿ "ಹೇಳಿದಷ್ಟು ಮಾಡಿ" ಅಂತ ಉತ್ತರ ಬಂದರೆ ಬೇರೆ ಕಡೆ ಹುಡುಕಲು ಶುರು ಮಾಡಿ. ಸಂಬಳ ಬರುತ್ತಿರುವಾಗಲೇ ಹುಡುಕುವುದು ಸುಲಭ.

ಪ್ರಶ್ನೆ: ನಮ್ಮ ಬಾಸ್ ಪ್ರತಿ ಮೀಟಿಂಗ್‌ನಲ್ಲೂ "ನಾವೆಲ್ಲ ಒಂದೇ ಕುಟುಂಬ" ಅನ್ನುತ್ತಾರೆ. ಇದು ಒಳ್ಳೆಯ ಲಕ್ಷಣ ತಾನೇ?

ಅದನ್ನು ಹೇಳಿದ ಮೇಲೆ ಮುಂದಿನ ವಾಕ್ಯ ಏನು ಬರುತ್ತದೆ ಅಂತ ಕೇಳಿಸಿಕೊಳ್ಳಿ. "ಹಾಗಾಗಿ ಈ ಭಾನುವಾರ..." ಅಂತ ಬಂದರೆ ಗೊತ್ತಾಯಿತಲ್ಲ.

ಮೇಲೆ ಹೇಳಿದ ಫೋರ್ಡ್ ಕಥೆಗೆ ಒಂದು ಬಾಲ ಇದೆ. ಆ 5 ಡಾಲರ್ ಪೂರ್ತಿ ಸಿಗಲು ಕೆಲಸ ಮಾಡಿದರೆ ಮಾತ್ರ ಸಾಕಾಗುತ್ತಿರಲಿಲ್ಲ. ಕಂಪನಿಯ ಒಂದು ವಿಭಾಗದವರು ಕಾರ್ಮಿಕರ ಮನೆಗೇ ಬರುತ್ತಿದ್ದರು. ಮನೆ ಚೊಕ್ಕಟ ಇದೆಯಾ, ಕುಡಿಯುತ್ತಾನಾ, ದುಡ್ಡು ಉಳಿಸುತ್ತಾನಾ ಅಂತ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಅವರ ಲೆಕ್ಕದಲ್ಲಿ ಅದೂ ಕಾಳಜಿಯೇ. ನನಗಂತೂ ಬೆಳಗ್ಗೆ ನಮಸ್ಕಾರ, ಸಂಜೆ ಹೊತ್ತಿಗೆ ಸರಿಯಾಗಿ ಬಿಡುಗಡೆ, ತಿಂಗಳ ಕೊನೆಗೆ ಸಂಬಳ ಕೊಡುವ ಜಾಗವೇ ಇಷ್ಟ. ಕುಟುಂಬ ಮನೆಯಲ್ಲಿದೆ.

ಪ್ರಶ್ನೆ: ನಾನು ಹೊಸದಾಗಿ ಟೀಮ್ ಲೀಡ್ ಆಗಿದ್ದೇನೆ. 8 ಜನ ಇದ್ದಾರೆ. ಏನು ಹೇಳಿದರೂ "ಸರಿ ಸರ್" ಅನ್ನುತ್ತಾರೆ. ಸಮಸ್ಯೆ ಇದೆಯಾ ಅಂದರೆ "ಏನಿಲ್ಲ ಸರ್". ಆಮೇಲೆ ಕೊನೇ ದಿನ ಎಲ್ಲ ಒಟ್ಟಿಗೆ ಸಿಡಿಯುತ್ತದೆ. ನಾನು ಯಾರ ಮೇಲೂ ಕೂಗಾಡಿಲ್ಲ. ಮತ್ಯಾಕೆ ಹೀಗೆ?

ನೀವು ಕೂಗಾಡಿಲ್ಲ, ಒಪ್ಪಿದೆ. ನಿಮಗಿಂತ ಮುಂಚೆ ಇದ್ದವರು? ಬಿಸಿ ತಾಗಿದ ಕೈ ಒಲೆ ಆರಿದೆಯಾ ಅಂತ ಮುಟ್ಟಿ ನೋಡಲು ಸಮಯ ತೆಗೆದುಕೊಳ್ಳುತ್ತದೆ.

ಏಮಿ ಎಡ್ಮಂಡ್ಸನ್ ಅನ್ನುವವರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಮ್ಮಿ ಇರಬೇಕು ಅನ್ನುವುದು ಲೆಕ್ಕಾಚಾರ. ಆದರೆ ಚೆನ್ನಾಗಿ ಹೊಂದಿಕೊಂಡಿದ್ದ ತಂಡಗಳ ಖಾತೆಯಲ್ಲೇ ತಪ್ಪು ಜಾಸ್ತಿ ಕಂಡಿತು. ತಲೆ ಕೆಟ್ಟಿರಬೇಕು ಅವರಿಗೆ. ಆಮೇಲೆ ಹೊಳೆದದ್ದು ಏನಂದರೆ ಆ ತಂಡದವರು ಜಾಸ್ತಿ ತಪ್ಪು *ಮಾಡುತ್ತಿರಲಿಲ್ಲ*, ಜಾಸ್ತಿ *ಹೇಳುತ್ತಿದ್ದರು*. ಉಳಿದ ಕಡೆ ತಿಪ್ಪೆ ಸಾರಿಸುತ್ತಿದ್ದರು ಅಷ್ಟೇ. 1999ರಲ್ಲಿ ಅವರು ಬರೆದ ಲೇಖನದಿಂದ ಈ ವಿಷಯ ಹೆಸರಾಯಿತು. 2012ರಲ್ಲಿ ಗೂಗಲ್ ಕಂಪನಿ ತನ್ನ 180ಕ್ಕೂ ಹೆಚ್ಚು ತಂಡಗಳಲ್ಲಿ ಯಾವುದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆ ಅಂತ ಹುಡುಕಲು ಹೊರಟಾಗಲೂ ಕೊನೆಗೆ ಸಿಕ್ಕ ಮೊದಲನೇ ಉತ್ತರ ಇದೇ. ತಂಡದಲ್ಲಿ ಎಷ್ಟು ಬುದ್ಧಿವಂತರು ಇದ್ದಾರೆ ಅನ್ನುವುದಕ್ಕಿಂತ, ಬಾಯಿ ಬಿಟ್ಟರೆ ಮರ್ಯಾದೆ ಹೋಗಲ್ಲ ಅನ್ನುವ ಧೈರ್ಯ ಇದೆಯಾ ಅನ್ನುವುದೇ ಮುಖ್ಯವಾಗಿತ್ತು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಸ್ಟೋರ್ಸ್‌ನಲ್ಲಿ ಸೇರಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಬೋಲ್ಟ್ ತರಿಸುವ ಇಂಡೆಂಟ್‌ನಲ್ಲಿ 50 ಪೆಟ್ಟಿಗೆ ಬರೆಯುವ ಕಡೆ 500 ಬರೆದಿದ್ದೆ. ಒಂದು ಸೊನ್ನೆ. ಲಾರಿ ಬಂದಾಗಲೇ ಗೊತ್ತಾಗಿದ್ದು. ಗಂಟಲು ಒಣಗಿ ಹೋಯಿತು. ನಡುಗುತ್ತಾ ಮೇಲಿನವರ ಹತ್ತಿರ ಹೋಗಿ ಹೇಳಿದೆ. ಅವರು ಕೇಳಿದ ಮೊದಲನೇ ಮಾತು ಇವತ್ತಿಗೂ ಕಿವಿಯಲ್ಲಿದೆ. "ಲಾರಿ ಇನ್ನೂ ಗೇಟಲ್ಲೇ ಇದೆಯೇನಮ್ಮ?" ಇತ್ತು. ಇಳಿಸದೇ ಹಾಗೇ ವಾಪಸ್ ಕಳಿಸಲು ಮಾತಾಡಿದರು, ಬೇಕಾದ 50 ಮಾತ್ರ ಇಳಿಸಿಕೊಂಡೆವು. ಎಲ್ಲ ಮುಗಿದ ಮೇಲೆ ಕೂರಿಸಿಕೊಂಡು, ಇದು ಹೇಗಾಯಿತು ಅಂತ ಕೇಳಿದರು. ಫಾರಂನಲ್ಲಿ ಅಂಕಿ ಬರೆಯುವ ಚೌಕ ಎಷ್ಟು ಸಣ್ಣದಿದೆ ಅಂತ ತೋರಿಸಿದೆ. ಮುಂದಿನ ಸಲ ಅಚ್ಚು ಹಾಕಿಸಿದ ಫಾರಂನಲ್ಲಿ ಅಂಕಿಯ ಪಕ್ಕ "ಅಕ್ಷರಗಳಲ್ಲಿ" ಅಂತ ಇನ್ನೊಂದು ಗೆರೆ ಬಂತು.

ಅವರು ಮೊದಲು ಬಯ್ದಿದ್ದರೆ? ನಾನು ಸಂಜೆವರೆಗೂ ಹೇಳುತ್ತಿರಲಿಲ್ಲ. 500 ಪೆಟ್ಟಿಗೆ ಒಳಗೆ ಬಂದಿರುತ್ತಿತ್ತು, ರಿಜಿಸ್ಟರ್‌ನಲ್ಲಿ ಏನೋ ತಿದ್ದುತ್ತಾ ಕೂತಿರುತ್ತಿದ್ದೆ.

ಟೊಯೊಟಾ ಕಾರ್ಖಾನೆಯಲ್ಲಿ ಜೋಡಣೆ ಸಾಲಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿದ್ದರು, ಅದಕ್ಕೆ ಆಂಡಾನ್ ಹಗ್ಗ ಅಂತ ಹೆಸರು. ಏನೋ ಸರಿಯಿಲ್ಲ ಅನಿಸಿದರೆ ಯಾವ ಕಾರ್ಮಿಕನಾದರೂ ಎಳೆಯಬಹುದು. ದೀಪ ಹತ್ತಿಕೊಳ್ಳುತ್ತದೆ, ಮೇಲಿನವರು ಅವನ ಹತ್ತಿರ *ಓಡಿ ಬರುತ್ತಾರೆ*. ಅಷ್ಟರಲ್ಲಿ ಸರಿಯಾದರೆ ಸರಿ, ಇಲ್ಲದಿದ್ದರೆ ಸಾಲೇ ನಿಲ್ಲುತ್ತದೆ. ಎಷ್ಟೋ ಆಫೀಸಿನಲ್ಲಿ ಹಗ್ಗ ಕಟ್ಟಿರುತ್ತಾರೆ, ಎಳೆದವನ ಕುತ್ತಿಗೆಗೇ ಅದು ಬೀಳುತ್ತದೆ.

ನೀವು ಮಾಡಬೇಕಾದದ್ದು ಎರಡು ಮೂರು ಇದೆ. "ಸಮಸ್ಯೆ ಇದೆಯಾ?" ಅಂತ ಕೇಳಬೇಡಿ, ಅದಕ್ಕೆ ಇಲ್ಲ ಅನ್ನುವುದೇ ಸುಲಭ. "ಈ ಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು ಅನಿಸುತ್ತೆ?" ಅಂತ ಕೇಳಿ, ಕೇಳಿ ಸುಮ್ಮನಿರಿ. ಆ ಮೌನ ತುಂಬಾ ಹಿಂಸೆ ಆಗುತ್ತದೆ, ತಡೆದುಕೊಳ್ಳಿ, ಮಧ್ಯೆ ನೀವೇ ಬಾಯಿ ಹಾಕಬೇಡಿ. ನಿಮ್ಮ ತಪ್ಪು ಒಂದನ್ನು ಎಲ್ಲರ ಎದುರು ಮೊದಲು ನೀವೇ ಹೇಳಿ, ನಿಜವಾದ ತಪ್ಪು ಹೇಳಿ, "ನಾನು ಜಾಸ್ತಿ ಕೆಲಸ ಮಾಡಿಬಿಡುತ್ತೇನೆ" ಥರದ್ದಲ್ಲ. ಆಮೇಲೆ ಯಾರಾದರೂ ಮೊದಲನೇ ಸಲ ಕೆಟ್ಟ ಸುದ್ದಿ ತಂದ ದಿನ ನಿಮ್ಮ ಮುಖ ಹೇಗಿರುತ್ತದೆ ಅಂತ ಉಳಿದ 7 ಜನ ನೋಡುತ್ತಿರುತ್ತಾರೆ. ಬಾಯಿ ಏನು ಹೇಳಿತು ಅನ್ನುವುದು ಅವರಿಗೆ ಬೇಕಾಗಿಲ್ಲ. ಮುಖ ನೋಡುತ್ತಾರೆ.

ಪ್ರಶ್ನೆ: ಮನೆಯಿಂದ ಕೆಲಸ ಬೇಕು ಅಂತ ಹುಡುಗರು ಹಟ ಹಿಡಿದಿದ್ದಾರೆ. ಒಪ್ಪಿದರೆ ಕೆಲಸ ಹಾಳಾಗಲ್ವಾ?

ಟ್ರಿಪ್.ಕಾಮ್ ಅನ್ನುವ ಚೀನಾದ ಪ್ರವಾಸ ಕಂಪನಿ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. 1,612 ನೌಕರರಲ್ಲಿ ಒಂದು ಗುಂಪಿಗೆ ವಾರಕ್ಕೆ 2 ದಿನ ಮನೆಯಿಂದ ಕೆಲಸ, ಇನ್ನೊಂದಕ್ಕೆ ಐದೂ ದಿನ ಆಫೀಸು. 2 ದಿನ ಸಿಕ್ಕ ಗುಂಪಿನಲ್ಲಿ ಕೆಲಸ ಬಿಟ್ಟವರು ಮೂರನೇ ಒಂದು ಭಾಗ ಕಮ್ಮಿ. ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಇದರ ವಿವರ ಪ್ರಕಟವಾಯಿತು. ಶುರುವಿನಲ್ಲಿ ಅಲ್ಲಿನ ಮ್ಯಾನೇಜರ್‌ಗಳೂ ನಿಮ್ಮ ಹಾಗೇ ಕೆಲಸ ಹಾಳಾಗುತ್ತದೆ ಅಂದಿದ್ದರು, ಕೊನೆಗೆ ಮಾತು ಬದಲಾಯಿಸಿದರು.

ಇದು ಕಂಪ್ಯೂಟರ್ ಮುಂದೆ ಕೂರುವವರ ಕಥೆ. ಯಂತ್ರದ ಮುಂದೆ, ರೋಗಿಯ ಪಕ್ಕ ನಿಲ್ಲುವವರಿಗೆ ಇದು ಆಗಲ್ಲ. ಅವರಿಗೆ ಪಾಳಿ ಪಟ್ಟಿ ಎರಡು ವಾರ ಮುಂಚೆ ಕೈಗೆ ಕೊಡಿ, ಒಬ್ಬರಿಗೊಬ್ಬರು ಪಾಳಿ ಬದಲಾಯಿಸಿಕೊಳ್ಳಲು ಬಿಡಿ. ಅಷ್ಟಕ್ಕೇ ಎಷ್ಟು ಜನ ಉಳಿಯುತ್ತಾರೆ ಅಂತ ನೀವೇ ನೋಡುತ್ತೀರಿ.

ಪ್ರಶ್ನೆ: ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಅರ್ಜಿಗಳಲ್ಲಿ ಇರುವುದನ್ನು ಕಂಪ್ಯೂಟರಿಗೆ ಹಾಕುವುದೇ ನನ್ನ ಕೆಲಸ. "ಕೆಲಸವನ್ನು ಪ್ರೀತಿಸಿ" ಅಂತ ಗೋಡೆ ಮೇಲೆ ಬೋರ್ಡ್ ಹಾಕಿದ್ದಾರೆ. ಹೇಗೆ ಪ್ರೀತಿಸಲಿ?

ಆ ಬೋರ್ಡ್ ಹಾಕಿದವರಿಗೆ ಒಂದು ವಾರ ನಿಮ್ಮ ಕುರ್ಚಿ ಕೊಡಬೇಕು.

ಪ್ರೀತಿ ಬಿಡಿ, ಆ ಅರ್ಜಿ ಯಾರದ್ದು ಅಂತ ಗೊತ್ತಾದರೂ ಸಾಕಾಗುತ್ತದೆ ಕೆಲವು ಸಲ. ಆಡಂ ಗ್ರಾಂಟ್ ಅನ್ನುವ ಸಂಶೋಧಕ ಮತ್ತು ಅವರ ಜೊತೆಯವರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರು. ದಿನಾ ಅದೇ ಮಾತು, ಬಹಳ ಸಲ ಬೈಗುಳ, ಇಲ್ಲಾ ಆ ಕಡೆಯಿಂದ ಫೋನ್ ಕುಕ್ಕಿದ ಸದ್ದು. ಅವರಲ್ಲಿ ಕೆಲವರಿಗೆ ಅದೇ ದೇಣಿಗೆಯಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಭೇಟಿ ಮಾಡಿಸಿದರು, ಬರೀ 5 ನಿಮಿಷ. ಒಂದು ತಿಂಗಳ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು, ಸಂಗ್ರಹಿಸಿದ ದುಡ್ಡು ಅದಕ್ಕಿಂತಲೂ ಜಾಸ್ತಿ.

ಆಸ್ಪತ್ರೆ ಸ್ವಚ್ಛ ಮಾಡುವವರ ಮೇಲೆ ಏಮಿ ರೆಜ್ನೆಸ್ಕಿ, ಜೇನ್ ಡಟ್ಟನ್ ಮಾಡಿದ ಅಧ್ಯಯನವೂ ಹೀಗೇ. ಒಂದೇ ಹುದ್ದೆ, ಒಂದೇ ಕಸಬರಿಗೆ. ಕೆಲವರು ನೆಲ ಒರೆಸಿ ಹೋಗುತ್ತಿದ್ದರು. ಕೆಲವರು ಯಾವ ರೋಗಿಯನ್ನು ನೋಡಲು ಯಾರೂ ಬಂದಿಲ್ಲ ಅಂತ ಗಮನಿಸಿ ಅವರ ಹತ್ತಿರ ಎರಡು ಮಾತಾಡುತ್ತಿದ್ದರು. ಪ್ರಜ್ಞೆ ಇಲ್ಲದ ರೋಗಿಯ ಕೋಣೆಯಲ್ಲಿ ಗೋಡೆ ಮೇಲಿನ ಚಿತ್ರಗಳನ್ನು ಆಗಾಗ ಬದಲಾಯಿಸಿ ಹಾಕಿದವರೂ ಇದ್ದರು. ಯಾರೂ ಅವರಿಗೆ ಅದನ್ನು ಹೇಳಿರಲಿಲ್ಲ.

ಆದರೆ ಒಂದು ಎಚ್ಚರಿಕೆ. ಈ ಕಥೆಯನ್ನು ಮ್ಯಾನೇಜರ್‌ಗಳು ಬಹಳ ಇಷ್ಟಪಡುತ್ತಾರೆ. ಸಂಬಳ ಜಾಸ್ತಿ ಮಾಡುವ ಬದಲು "ನಿಮ್ಮದು ಎಂಥಾ ಪುಣ್ಯದ ಕೆಲಸ" ಅಂದುಬಿಡುವುದು ಸಲೀಸು. ಅಂಥ ಮಾತು ಕೇಳಿಬಂದರೆ ಜೇಬು ಮುಟ್ಟಿ ನೋಡಿಕೊಳ್ಳಿ.

ನೀವು ಕೇಳಬಹುದಾದದ್ದು: ವಾರಕ್ಕೆ ಅರ್ಧ ದಿನ ಅರ್ಜಿ ಕೊಡುವವರು ಬರುವ ಕೌಂಟರ್‌ನಲ್ಲಿ ಕೂರಲು ಬಿಡಿ. ಜನ ಯಾವ ಕಾಲಂನಲ್ಲಿ ತಪ್ಪು ಬರೆಯುತ್ತಾರೆ ಅಂತ ನಿಮ್ಮಷ್ಟು ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲ್ಲ. ಆ ಪಟ್ಟಿ ಮಾಡಿ ಕೊಡಿ. ಫಾರಂ ಬದಲಾದರೆ ನನಗೆ ಬರೆದು ತಿಳಿಸಿ.

ಪ್ರಶ್ನೆ: ಎರಡು ಕಡೆ ಕೆಲಸ ಸಿಕ್ಕಿದೆ. ಸೇರುವ ಮುಂಚೆ ಜಾಗ ಹೇಗಿದೆ ಅಂತ ತಿಳಿಯುವುದು ಹೇಗೆ? ಇಂಟರ್‌ವ್ಯೂನಲ್ಲಿ ಎಲ್ಲರೂ ನಗುನಗುತ್ತಲೇ ಇರುತ್ತಾರಲ್ಲ.

"ಈ ಹುದ್ದೆ ಯಾಕೆ ಖಾಲಿಯಾಯಿತು?" ಅಂತ ಕೇಳಿ. ಉತ್ತರಕ್ಕಿಂತ ಅದು ಎಷ್ಟು ಹೊತ್ತಿಗೆ ಬಂತು ಅನ್ನುವುದನ್ನು ಗಮನಿಸಿ. "ನಿಮ್ಮ ತಂಡದವರು ಹೇಳಿದ್ದಕ್ಕೆ ಇತ್ತೀಚೆಗೆ ಏನಾದರೂ ಬದಲಾಗಿದೆಯಾ?" ಅಂತ ಕೇಳಿ. ಒಂದು ಸಣ್ಣ ಉದಾಹರಣೆ ತಕ್ಷಣ ಬಂದರೆ ಒಳ್ಳೆಯದು. "ನಮ್ಮ ಬಾಗಿಲು ಯಾವಾಗಲೂ ತೆರೆದಿರುತ್ತದೆ" ಅಂತ ಬಂದರೆ ಆ ಬಾಗಿಲೊಳಗೆ ಯಾರೂ ಹೋಗಿಲ್ಲ ಅಂತ ಅರ್ಥ, ನನ್ನ ಅನುಭವದಲ್ಲಿ. ಮುಂದೆ ನಿಮ್ಮ ಪಕ್ಕ ಕೂರುವವರ ಜೊತೆ 10 ನಿಮಿಷ ಮಾತಾಡಲು ಬಿಡುತ್ತೀರಾ ಅಂತ ಕೇಳಿ. ಬಿಟ್ಟರೂ ಮ್ಯಾನೇಜರ್ ಪಕ್ಕದಲ್ಲೇ ಕೂತರೆ, ಅದೂ ಒಂದು ಉತ್ತರ.

ನಾನು ಒಂದು ಸಲ ಹೀಗೇ ಎರಡು ಕಡೆ ನೋಡುತ್ತಿದ್ದೆ. ಎರಡನೇ ಕಡೆ ಇಂಟರ್‌ವ್ಯೂ ನಡೆಯುತ್ತಿತ್ತು. ಮಧ್ಯದಲ್ಲಿ ಗುಮಾಸ್ತನೊಬ್ಬ ಬಾಗಿಲು ತಟ್ಟಿ ಒಳಗೆ ಬಂದ. ಚಿಕ್ಕ ಹುಡುಗ, ಸೇರಿ ಆರು ತಿಂಗಳೂ ಆಗಿರಲಿಕ್ಕಿಲ್ಲ. ನನ್ನನ್ನು ನೋಡಿ ಸ್ವಲ್ಪ ಹಿಂಜರಿದ. "ಸರ್, ನೀವು ಬೆಳಗ್ಗೆ ಸಹಿ ಮಾಡಿದ ಪಟ್ಟಿಯಲ್ಲಿ ಒಂದು ಮೊತ್ತ ತಪ್ಪಿದೆ" ಅಂದ. ಹೊರಗಿನವಳ ಎದುರು, ಸಾಹೇಬರ ತಪ್ಪು. ನಾನು ಉಸಿರು ಬಿಗಿ ಹಿಡಿದು ಕೂತೆ. ಅವರು ಕನ್ನಡಕ ಏರಿಸಿಕೊಂಡು ಕೈ ಚಾಚಿದರು. "ಹೌದಾ? ಎಲ್ಲಿ, ತೋರಿಸಿ" ಅಂದರು. ನೋಡಿ, ಹೊಡೆದು ಹಾಕಿ, ಪಕ್ಕದಲ್ಲಿ ಸರಿ ಮಾಡಿ ಸಹಿ ಹಾಕಿದರು. "ಇನ್ನೊಂದು ಪ್ರತಿ ಹೋಗಿದೆಯಾ ಹೊರಗೆ?" ಅಂತ ಕೇಳಿದರು. "ಇಲ್ಲ ಸರ್, ತಡೆ ಹಿಡಿದಿದ್ದೇನೆ" ಅಂದ. ಹುಡುಗ ಹೋದ. ಅವರು ನನ್ನ ಕಡೆ ತಿರುಗಿ, "ಹಾಂ, ಏನು ಹೇಳುತ್ತಿದ್ದಿರಿ?" ಅಂದರು.

ಏನು ಹೇಳುತ್ತಿದ್ದೆನೋ ನನಗೂ ಮರೆತು ಹೋಗಿತ್ತು. ಇನ್ನೊಂದು ಕಡೆ ಸಂಬಳ ಸ್ವಲ್ಪ ಜಾಸ್ತಿಯೇ ಇತ್ತು. ಇಲ್ಲಿಗೇ ಸೇರಿದೆ, 11 ವರ್ಷ ಇದ್ದೆ.